ಕಲಬುರಗಿಯಿಂದ ಕೇದಾರನಾಥಕ್ಕೆ ಹೊರಟ ಅಪ್ಪಾಜಿಯ ಹೃದಯದ ಮೇಲೆ ಎತ್ತರ ಏನು ಪರಿಣಾಮ ಬೀರುತ್ತದೆ?

ನಮ್ಮ ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲೆ. ಕೇದಾರನಾಥ 3,500 ಮೀಟರ್ ದಾಟುತ್ತದೆ. ಅಲ್ಲೂ ಗಾಳಿಯಲ್ಲಿ ಆಕ್ಸಿಜನ್ ಶೇ. 21ರಷ್ಟೇ ಇರುತ್ತದೆ. ಆದರೆ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಕ್ಸಿಜನ್ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಮ್ಮಿ.

ಈ ಕೊರತೆ ತುಂಬಲು ಹೃದಯ ಜೋರಾಗಿ ಬಡಿಯುತ್ತದೆ. ಸುಮ್ನೆ ಕೂತಾಗಲೂ ನಾಡಿ ಏರಿರುತ್ತದೆ. ಬಿಪಿಯೂ ಸ್ವಲ್ಪ ಹೆಚ್ಚಬಹುದು. ಜೊತೆಗೆ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗುತ್ತವೆ. ಅವುಗಳೊಳಗೆ ರಕ್ತ ತಳ್ಳುವ ಹೃದಯದ ಬಲಭಾಗಕ್ಕೆ ಕೆಲಸ ಜಾಸ್ತಿ.

ಗಟ್ಟಿ ಹೃದಯ ಇದನ್ನು ತಡೆದುಕೊಳ್ಳುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಹೊರಡಲೇಬಾರದು. ಹೆಲಿಕಾಪ್ಟರ್‌ನಲ್ಲಿ ಹೋದರೆ ಸಲೀಸು ಅಂತಾರೆ, ಅಲ್ವಾ? ಕಾಲಿಗೆ ಸಲೀಸು, ನಿಜ. ಆದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕೂತಲ್ಲೇ ಏದುಸಿರು ಬಂದರೆ ದರ್ಶನ ಬಿಟ್ಟಾದರೂ ಸರಿ, ತಕ್ಷಣ ಕೆಳಗೆ ಕರೆತನ್ನಿ.