ಊಟಕ್ಕೆ ಕರೆದವರ ಮನೆಗೆ ಮೇಣದಬತ್ತಿ ಒಯ್ಯಬಹುದಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಸೆಂಟೆಡ್ ಕ್ಯಾಂಡಲ್ ಬಗ್ಗೇನೇ ಇವೆ, ಹಾಗಾಗಿ ಸೊಸೆ ಜಗಳ, ಸೀರೆ ಕಲೆ ಎಲ್ಲ ಮುಂದಿನ ಸಂಚಿಕೆಗೆ.

ಪ್ರಶ್ನೆ: ನಮ್ಮೆಜಮಾನ್ರ ಬಾಸ್ ಮನೇಲಿ ಶನಿವಾರ ರಾತ್ರಿ ಡಿನ್ನರ್. ಬರಿಗೈಲಿ ಹೋಗೋ ಹಾಗಿಲ್ಲ, ಸ್ವೀಟ್ ಬಾಕ್ಸ್ ಅಂದ್ರೆ ಅವ್ರಿಗೆ ಶುಗರ್ ಅಂತೆ, ವೈನ್ ವಿಷಯ ನಮಗೆ ತಿಳಿಯಲ್ಲ. ಮಗಳು ಸೆಂಟೆಡ್ ಕ್ಯಾಂಡಲ್ ಕೊಡಿ ಅಂತಾಳೆ. ನಮ್ಮತ್ತೆ "ಊಟಕ್ಕೆ ಕರೆದೋರಿಗೆ ಮೇಣದಬತ್ತಿನಾ, ಅವ್ರ ಮನೇಲಿ ಕರೆಂಟ್ ಇಲ್ವಾ ಪಾಪ" ಅಂತ ನಗ್ತಿದಾರೆ. ಏನ್ ಮಾಡ್ಲಿ? (ಹೆಸರು ಬೇಡ, ಜೆ.ಪಿ. ನಗರ)

ಉತ್ತರ: ಅತ್ತೆ ಕೇಳಿದ್ದು ನ್ಯಾಯವಾಗೇ ಇದೆ ಬಿಡಿ. ನಮ್ಮ ಕಾಲಕ್ಕೆ ಮೇಣದಬತ್ತಿ ಅಂದ್ರೆ ಕರೆಂಟ್ ಹೋದಾಗ ಕತ್ತಲಲ್ಲಿ ತಡಕಾಡಿ ಹುಡುಕಿ, ಲೋಟ ಬೋರಲು ಹಾಕಿ ಅದರ ತಳಕ್ಕೆ ನಾಲ್ಕು ಹನಿ ಮೇಣ ಬೀಳಿಸಿ ನಿಲ್ಲಿಸ್ತಿದ್ದ ಬಿಳೀ ಕಡ್ಡಿ, ಅದಕ್ಕೆ ರಿಬ್ಬನ್ ಕಟ್ಟಿ ಕೊಟ್ಟಿದ್ರೆ ನಾವೂ ನಗ್ತಿದ್ವಿ. ಈಗಿನ ಗಾಜಿನ ಜಾರ್ ಕ್ಯಾಂಡಲ್ ಬೇರೆ, ಅದನ್ನ ಬೆಳಕಿಗೆ ಅಂತ ಯಾರೂ ಹಚ್ಚಲ್ಲ, ಒಂದು ಮೊಳ ಮಲ್ಲಿಗೆ ಒಯ್ದ ಹಾಗೆ ಅಂದ್ಕೊಳ್ಳಿ. ಧಾರಾಳವಾಗಿ ಕೊಡಿ.

ಕಷ್ಟ ಇರೋದು ಯಾವ ಘಮ ಅನ್ನೋದ್ರಲ್ಲಿ. ಸೀರೆ ಇಷ್ಟ ಆಗಲಿಲ್ಲ ಅಂದ್ರೆ ಬೀರುನಲ್ಲಿ ಮಡಚಿಟ್ಟು ಮರೆತುಬಿಡಬಹುದು, ಘಮ ಹಾಗಲ್ಲ, ಇಡೀ ಮನೆ ತುಂಬ್ಕೊಳ್ಳತ್ತೆ, ಪರದೆಗೆ ಸೋಫಾಗೆಲ್ಲ ಅಂಟ್ಕೊಳ್ಳತ್ತೆ. ನಿಮಗೆ ಪರಿಮಳ ಆಗಿದ್ದು ಅವ್ರಿಗೆ ವಾಸನೆ ಆಗಬಹುದು. ಅದಕ್ಕೇ ಅಂಗಡಿಗೆ ಹೋಗೋ ಮುಂಚೆ ಆ ಮನೇಲಿ ಯಾರ್ಯಾರಿದಾರೆ ಅಂತ ಎಜಮಾನ್ರ ಹತ್ರ ಕೇಳಿ. ಆಸ್ತಮಾ ಇರೋರು, ಮೈಗ್ರೇನ್ ಇರೋರು, ಎಳೇ ಮಗು ಇದ್ರೆ ಕ್ಯಾಂಡಲ್ ಐಡಿಯಾನೇ ಕೈಬಿಡಿ, ಪಂಜರದಲ್ಲಿ ಗಿಳಿ ಸಾಕಿದ್ರೂ ಅಷ್ಟೇ, ಹಕ್ಕಿಗಳ ಶ್ವಾಸಕೋಶಕ್ಕೆ ಹೊಗೆ, ಸೆಂಟು ಎರಡೂ ಆಗಿಬರಲ್ಲ. ಒಂದು ಬುಟ್ಟಿ ಒಳ್ಳೇ ಹಣ್ಣು ಒಯ್ದುಬಿಡಿ.

ಅಂಥ ತೊಂದ್ರೆ ಏನೂ ಇಲ್ಲ ಅಂದ್ರೆ ತೆಳು ಘಮ ಆರಿಸಿ. ನಿಂಬೆ ಹುಲ್ಲು, ಕಿತ್ತಳೆ ಸಿಪ್ಪೆ, ಲಾವಂಚ, ಇವು ಯಾರ ಮೂಗಿಗೂ ಭಾರ ಆಗಲ್ಲ. ಮಲ್ಲಿಗೆ ನಮಗೆಲ್ಲ ಪ್ರಾಣ, ಆದ್ರೆ ಮೇಣದಲ್ಲಿ ಬರೋ ಮಲ್ಲಿಗೆ ಮುಡಿಯೋ ಮಲ್ಲಿಗೆ ಅಲ್ಲ, ಬಹಳ ಸಲ ಫಿನಾಯಿಲ್‌ಗೆ ದೂರದ ಸಂಬಂಧಿ. ಗಂಧದ್ದು ಬೇಕಾ ಅಂತ ಅಂಗಡಿಯವ್ರು ಮುಂದೆ ಮಾಡೇ ಮಾಡ್ತಾರೆ, 1916ರಿಂದ ಮೈಸೂರಲ್ಲಿ ಗಂಧದೆಣ್ಣೆ ತೆಗೀತಿರೋ ನಾಡು ನಮ್ದು, ಆ ಎಣ್ಣೆ ರೇಟು ಗೊತ್ತಿದ್ದೋರು ಯಾರೂ 400 ರೂಪಾಯಿ ಕ್ಯಾಂಡಲ್‌ನಲ್ಲಿ ಅಸಲಿ ಗಂಧ ಇದೆ ಅಂತ ನಂಬಲ್ಲ. ಜೊತೆಗೆ ಅದನ್ನ ಹಚ್ಚಿದ ತಕ್ಷಣ ಊದಿನಕಡ್ಡಿ ನೆನಪಾಗಿ ಡ್ರಾಯಿಂಗ್ ರೂಮು ದೇವರಮನೆ ಆಗತ್ತೆ. ವೆನಿಲ್ಲಾ, ಚಕ್ಕೆ, ಕುಕೀಸ್ ಅಂತ ತಿಂಡಿ ಘಮದವು ಬೇಕರಿ ಮೇಲಿನ ಮಹಡೀಲಿ ಬಾಡಿಗೆಗಿದ್ದೋರಿಗೆ ಕೇಳಿ, ಬೇಡವೇ ಬೇಡ ಅಂತಾರೆ.

ಅಂಗಡೀಲಿ ಮೂರಕ್ಕಿಂತ ಹೆಚ್ಚು ಮೂಸಬೇಡಿ, ನಾಲ್ಕನೇದ್ರಿಂದ ಎಲ್ಲಾ ಒಂದೇ ಥರ ಅನ್ಸತ್ತೆ, ಹೊರಗೆ ಬಂದು ಎರಡು ನಿಮಿಷ ಗಾಳಿ ತಗೊಂಡು ಮತ್ತೆ ಹೋಗಿ. ಮುಚ್ಚಳ ತೆಗೆದ ಕೂಡ್ಲೇ ಮುಖಕ್ಕೆ ರಾಚಿದ್ರೆ ವಾಪಸ್ ಇಡಿ. ಸೋಯಾ ಮೇಣನಾ ಪ್ಯಾರಾಫಿನ್ನಾ ಅಂತ ತುಂಬ ತಲೆ ಕೆಡಿಸ್ಕೋಬೇಡಿ, ಪ್ಯಾರಾಫಿನ್ ಪೆಟ್ರೋಲಿಯಂದು, ಸೋಯಾ ಎಣ್ಣೆಕಾಳಿಂದು, ಬತ್ತಿ ಉದ್ದ ಬಿಟ್ರೆ ಎರಡೂ ಮಸಿ ಕಕ್ಕತ್ತೆ. ಹಾಂ, ಮುಖ್ಯವಾದ್ದು, ಮಧ್ಯಾಹ್ನನೇ ತಂದು ಬಿಸಿಲಲ್ಲಿ ನಿಂತ ಕಾರಲ್ಲಿ ಬಿಡಬೇಡಿ. ನಾನು ಒಂದು ಏಪ್ರಿಲ್‌ನಲ್ಲಿ ಹಾಗೆ ಬಿಟ್ಟು, ಸಂಜೆ ಅವ್ರ ಮನೇಲಿ ಪ್ಯಾಕೆಟ್ ಬಿಚ್ಚಿದ್ರೆ ಮೇಣ ಎಲ್ಲ ಒಂದು ಕಡೆ ವಾಲಿ, ಬತ್ತಿ ಪೀಸಾ ಗೋಪುರ ಆಗಿತ್ತು.

ಪ್ರಶ್ನೆ: ಮೊನ್ನೆ ಗೆಳತಿ ಮನ್ಯಾಗ ಊಟಕ್ಕ ಕರದಿದ್ರು, ನಾ 900 ರೂಪಾಯಿ ಕೊಟ್ಟು ಚಲೋ ಕ್ಯಾಂಡಲ್ ಒಯ್ದೆ. ಆಕಿ ಥ್ಯಾಂಕ್ಸ್ ಅಂದು ಟಿವಿ ಮಗ್ಗಲಕ ಇಟ್ಟಾಕಿ ನಾವು ಬರೋತನಾ ಹಚ್ಚಲೇ ಇಲ್ಲ. ಸೇರಲಿಲ್ಲೇನು ಅಂತ ಮನಸಿಗೆ ಹತ್ತೇದ. (ಧಾರವಾಡದಾಕಿ, ಈಗ ವೈಟ್‌ಫೀಲ್ಡ್)

ಉತ್ತರ: ಬೇಜಾರ್ ಮಾಡ್ಕೋಬೇಡ್ರೀ ಅಕ್ಕಾ, ನಿಮ್ಮ ಗೆಳತಿ ಮಾಡಿದ್ದೇ ಸರಿ. ಆಕೆ ಬೆಳಿಗ್ಗೆಯಿಂದ ನಿಂತು ಎಣ್ಣೆಗಾಯಿ, ಜೋಳದ ರೊಟ್ಟಿ ಮಾಡಿರ್ತಾಳೆ, ಬೆಳ್ಳುಳ್ಳಿ ಒಗ್ಗರಣೆ ಘಮ ಬಾಗಿಲಲ್ಲೇ ಬರ್ತಿರತ್ತೆ, ಅದ್ರ ಮೇಲೆ ನೀವು ಲ್ಯಾವೆಂಡರ್ ಹಚ್ಚಿಸಿದ್ರೆ ಬಾಯಲ್ಲಿ ಎಣ್ಣೆಗಾಯಿ ಮೂಗಲ್ಲಿ ಸೋಪು. ನೆಗಡಿ ಆದಾಗ ಸಾರು ಸಪ್ಪೆ ಅನ್ಸತ್ತಲ್ಲ, ರುಚಿ ಅಂತ ನಾವು ಅಂದ್ಕೊಳ್ಳೋದ್ರಲ್ಲಿ ದೊಡ್ಡ ಪಾಲು ಮೂಗಿಂದು. ಊಟದ ಟೇಬಲ್ ಮೇಲೆ ಕ್ಯಾಂಡಲ್ ಬೇಕೇ ಬೇಕು ಅನ್ನೋರು ಘಮ ಇಲ್ಲದ್ದು ಇಡ್ಬೇಕು, ಸೆಂಟೆಡ್ ಇದ್ದದ್ದು ನೆಂಟ್ರು ಹೋಗಿ ಪಾತ್ರೆ ತೊಳೆದು ಮುಗಿದ ಮೇಲೆ, ಮನೆ ತುಂಬಾ ಕರಿದ ಎಣ್ಣೆ ವಾಸನೆ ನಿಂತಿರತ್ತಲ್ಲ, ಆವಾಗ. ಮುಂದಿನ ಸಲ ಕೊಡುವಾಗ ನೀವೇ "ಇದು ನಾಳೆಗೆ, ನಿನಗೆ ಅಂತ" ಅಂದುಬಿಡಿ, ಈಗ್ಲೇ ಹಚ್ಚಬೇಕೇನೋ ಅನ್ನೋ ಮುಜುಗರ ಅವ್ರಿಗೂ ಇರಲ್ಲ.

ಪ್ರಶ್ನೆ: ನಾನು ಕೊಟ್ಟ ಕ್ಯಾಂಡಲ್ ಮಧ್ಯದಲ್ಲಿ ಮಾತ್ರ ಬಾವಿ ಥರ ಕರಗಿ ಸುತ್ತ ಮೇಣ ಹಾಗೇ ಉಳಿದಿದೆ ಅಂತ ಫ್ರೆಂಡ್ ಫೋಟೋ ಕಳಿಸಿದ್ಲು. ಡೂಪ್ಲಿಕೇಟ್ ಮಾಲು ಕೊಟ್ರಾ? (ಮಂಗಳೂರು)

ಉತ್ತರ: ಮಾಲು ಸರಿಯಾಗೇ ಇರಬಹುದು, ಹಚ್ಚಿದ ರೀತಿ ತಪ್ಪಿರತ್ತೆ. ಮೊದಲನೇ ಸಲ ಹಚ್ಚಿದಾಗ ಮೇಲಿನ ಮೇಣ ಗಾಜಿನ ಅಂಚಿನವರೆಗೂ ಕರಗಬೇಕು, ಅಲ್ಲಿ ತನಕ ಆರಿಸಬಾರದು. 3 ಇಂಚು ಅಗಲದ ಜಾರ್ ಆದ್ರೆ ಸುಮಾರು 3 ಗಂಟೆ ಹಿಡಿಯತ್ತೆ. ಅರ್ಧ ಗಂಟೆಗೇ ಊದಿಬಿಟ್ರೆ ಮುಂದಿನ ಸಲವೂ ಅಷ್ಟೇ ಅಗಲ ಕರಗಿ ಗುಂಡಿ ಆಳ ಆಗ್ತಾ ಹೋಗತ್ತೆ. ಇನ್ನೊಂದು ಕಳ್ಳ ಯಾರು ಅಂದ್ರೆ ನಮ್ಮ ಸೀಲಿಂಗ್ ಫ್ಯಾನು, ಮಂಗಳೂರಿನ ಸೆಖೇಲಿ ಫ್ಯಾನ್ ಆಫ್ ಮಾಡಿ ಕ್ಯಾಂಡಲ್ ಹಚ್ಚಿ ಅಂತ ಹೇಳೋಕೆ ನನಗೇ ಬಾಯಿ ಬರಲ್ಲ, ಆದ್ರೆ ಫ್ಯಾನ್ ಕೆಳಗಿಟ್ರೆ ಜ್ವಾಲೆ ಓಲಾಡಿ ಒಂದೇ ಕಡೆ ಕರಗತ್ತೆ, ಗಾಜು ಕಪ್ಪಾಗತ್ತೆ. ಮೂಲೇಲಿ ಇಡೋಕೆ ಹೇಳಿ. ಪ್ರತಿ ಸಲ ಹಚ್ಚೋ ಮುಂಚೆ ಬತ್ತೀನ ಸುಮಾರು 6 ಮಿಲಿಮೀಟರ್‌ಗೆ ಕತ್ತರಿಸಬೇಕು, ಒಂದೇ ಸಮ 4 ಗಂಟೆ ಮೀರಿ ಉರಿಸಬಾರದು, ತಳದಲ್ಲಿ ಒಂದು ಬೆರಳಷ್ಟು ಮೇಣ ಉಳಿದಾಗ ಆಸೆ ಬಿಡಬೇಕು, ಇಲ್ಲಾಂದ್ರೆ ಗಾಜು ಕಾದು ಸೀಳತ್ತೆ. ಈಗಾಗ್ಲೇ ಆಗಿರೋ ಬಾವಿಗೆ, ಜಾರ್ ಬಾಯಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಮಧ್ಯ ತೂತು ಬಿಟ್ಟು ಒಂದು ಗಂಟೆ ಉರಿಸಿ, ಪಕ್ಕದ್ದೂ ಕರಗತ್ತೆ, ಬಿಟ್ಟು ಆಚೆ ಹೋಗಬೇಡಿ ಅಷ್ಟೇ.

ಪ್ರಶ್ನೆ: ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಮೆರಿಕನ್ ಕಲೀಗ್ ಊಟಕ್ಕೆ ಕರೆದಿದಾರೆ. ಊರಿಂದ ಬರುವಾಗ ತಂದ ಗಂಧದ ಕ್ಯಾಂಡಲ್ ಕೊಡ್ಲಾ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಕೊಡಿ, ಮೇಲೆ ನಾನು ಗಂಧ ಬೇಡ ಅಂದಿದ್ದು ಊದಿನಕಡ್ಡಿ ಮನೆಗಳಿಗೆ, ಅವ್ರಿಗೆ ಅದೇ ಹೊಸದು. ಕ್ಯಾಂಡಲ್ ಗಿಫ್ಟ್ ಅಲ್ಲಿ ಯಾರಿಗೂ ವಿಚಿತ್ರ ಅನ್ಸಲ್ಲ, ಯಾಂಕೀ ಕ್ಯಾಂಡಲ್ ಕಂಪನಿ ಶುರುವಾಗಿದ್ದೇ ಗಿಫ್ಟಿಂದ, 1969ರಲ್ಲಿ ಮೈಕ್ ಕಿಟ್ರೆಜ್ ಅಂತ 16 ವರ್ಷದ ಹುಡುಗ ಕ್ರಿಸ್‌ಮಸ್‌ಗೆ ಕಾಸಿಲ್ದೆ ಬಣ್ಣದ ಕ್ರೇಯಾನ್ ಕರಗಿಸಿ ಅಮ್ಮನಿಗೆ ಕ್ಯಾಂಡಲ್ ಮಾಡಿದ್ದ, ಪಕ್ಕದ ಮನೆಯವರು ನೋಡಿ ಅದನ್ನ ಕೊಂಡುಕೊಂಡ್ರು. ಮುಂದಿನ ಸಲ ಊರಿಂದ ತರುವಾಗ ಜೆಲ್ ಕ್ಯಾಂಡಲ್ ತರಬೇಡಿ, ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತೋದಾದ್ರೆ ಏರ್‌ಪೋರ್ಟ್ ತಪಾಸಣೆ ಮಾಡೋ ಟಿಎಸ್‌ಎಯವ್ರು ಅದನ್ನ ಕ್ಯಾಬಿನ್ ಬ್ಯಾಗಲ್ಲಿ ಬಿಡಲ್ಲ, ಗಟ್ಟಿ ಮೇಣದ್ದಕ್ಕೆ ತಕರಾರಿಲ್ಲ.

ಪ್ರಶ್ನೆ: ಬಾಯಲ್ಲಿ ಊದಿ ಆರಿಸಿದ್ರೆ ಅಪಶಕುನ ಅಂತಾರಲ್ಲ ಅಮ್ಮ? (ತುಮಕೂರು)

ಉತ್ತರ: ನಮ್ಮಜ್ಜಿ "ದೀಪ ಆರಿಸು" ಅಂತಲೇ ಅಂತಿರಲಿಲ್ಲ, "ಶಾಂತ ಮಾಡು" ಅಂತಿದ್ರು. ಕ್ಯಾಂಡಲ್‌ಗೆ ಶಕುನ ಬಿಡಿ, ಊದಿದ್ರೆ ಬಿಸಿ ಮೇಣ ಸಿಡಿಯತ್ತೆ, ಬತ್ತಿಯ ಹೊಗೆ ಮೂಗಿಗೆ ಬಂದು ಅಷ್ಟು ಹೊತ್ತಿನ ಘಮ ಎಲ್ಲ ಹಾಳು. ಜಾರ್ ಮುಚ್ಚಳ ಮುಚ್ಚಿ, ತಾನೇ ಶಾಂತ ಆಗತ್ತೆ. ನೀರು ಮಾತ್ರ ಹಾಕಬೇಡಿ, ಕಾದ ಎಣ್ಣೆಗೆ ನೀರು ಬಿದ್ದ ಹಾಗೇ ಆಗೋದು.

ಪ್ರಶ್ನೆ: ದೀಪಾವಳಿಗೆ ಐದು ಕ್ಯಾಂಡಲ್ ಬಂದಿವೆ. ಊಟಕ್ಕೆ ಕರೆದವರಿಗೆ ಅದನ್ನೇ ದಾಟಿಸಿದ್ರೆ ತಪ್ಪಾ? (ಸಂಕೋಚದಿಂದ, ಮೈಸೂರು)

ಉತ್ತರ: ಎಲ್ಲರೂ ಮಾಡೋದೇ, ಸಂಕೋಚ ಯಾಕೆ. ವರ್ಷಗಟ್ಟಲೆ ಇಡಬೇಡಿ, ಘಮ ಇಳಿದುಹೋಗತ್ತೆ. ಡಬ್ಬಿ ಒಳಗೆ ಕೊಟ್ಟೋರ ಹೆಸರಿನ ಚೀಟಿ ಇದೆಯಾ ಅಂತ ಎರಡು ಸಲ ನೋಡಿ. ನಾನು ಹೀಗೇ ಒಂದು ನಿಂಬೆ ಹುಲ್ಲಿಂದು ದಾಟಿಸಿದ್ದೆ, ಒಂದೂವರೆ ವರ್ಷ ಆದ್ಮೇಲೆ ಬೇರೆ ಯಾರೋ ನಮ್ಮನೆಗೆ ಊಟಕ್ಕೆ ಬಂದೋರು ನಗ್ತಾ ಕೈಗಿಟ್ರು, ತಳ ನೋಡಿದ್ರೆ ನಾನು ಉಗುರಲ್ಲಿ ಕೆರೆದು ಅರ್ಧಕ್ಕೆ ಬಿಟ್ಟಿದ್ದ ರೇಟಿನ ಸ್ಟಿಕರ್ರು ಹಾಗೇ ಇತ್ತು.