ಟ್ರೇಲರ್ ಕಟ್ಟಿದರೆ ಪಿಕಪ್‌ನ ಹಿಂಬದಿ ಕೂರುತ್ತೆ: ಏರ್ ಬ್ಯಾಗೋ, ಪಟ್ಟಿಯೋ, ಶಾಕೋ?

ನೀವು ಕೇಳಿದ್ದು ಇಷ್ಟು: ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು) ಇರುವ ಪಿಕಪ್, ಬಾಲ್ ಹಿಚ್‌ಗೆ (ಗಾಡಿಯ ಹಿಂತುದಿಯಲ್ಲಿರುವ ಗುಂಡಿನ ಕೊಂಡಿ) ಸುಮಾರು 3,000 ಕೆಜಿಯ ಟ್ರೇಲರ್. ಕಟ್ಟಿದ ಕೂಡಲೇ ಹಿಂಬದಿ 9 ಸೆಂ.ಮೀ. ಕೂರುತ್ತೆ. ಸ್ಪ್ರಿಂಗ್‌ಗೆ ನೆರವಾಗುವ ಗಾಳಿಚೀಲ, ಅಂದರೆ ಏರ್ ಬ್ಯಾಗ್ ಹಾಕಿಸೋದಾ, ಪಟ್ಟಿ ಸೇರಿಸೋದಾ, ಒಳ್ಳೆ ಶಾಕ್ ಅಬ್ಸಾರ್ಬರ್ ಹಾಕಿದರೆ ಸಾಕಾ? ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗಿದವನು ನಾನು. ಮೊದಲ ಸಲ ತಪ್ಪು ಉತ್ತರಕ್ಕೆ ದುಡ್ಡು ಸುರಿದವನೂ ಹೌದು.

ಆಗ ನಾನು ಮಾಡಿದ್ದು ಸುಲಭದ ಕೆಲಸ. ಒಂದು ಜೊತೆ ಏರ್ ಬ್ಯಾಗ್ ಹಾಕಿಸಿದೆ, 70 ಪಿಎಸ್‌ಐ ತನಕ ಗಾಳಿ ತುಂಬಿದೆ, ಗಾಡಿ ರಸಮಟ್ಟ ಇಟ್ಟು ನೋಡಿದ ಹಾಗೆ ಸಮವಾಗಿ ನಿಂತಿತು. ಅದನ್ನು ನೋಡಿಯೇ ಅರ್ಧ ಖುಷಿ. ಆಮೇಲೆ ಒಂದು ಮಳೆಯ ದಿನ ಇಳಿಜಾರಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮೂತಿ ಸ್ವಲ್ಪ ತಡವಾಗಿ ತಿರುಗಿತು. ಅಪಘಾತವೇನೂ ಆಗಲಿಲ್ಲ. ಆದರೆ ಸ್ಟೀರಿಂಗ್ ಕೈಗೆ ಹಗುರವಾಗಿ ಸಿಕ್ಕಿದ ಆ ಕ್ಷಣ ಮರೆಯುವಂಥದ್ದಲ್ಲ. ನೋಡೋಕೆ ಸಮವಾಗಿದ್ದ ಗಾಡಿಯ ಮುಂದಿನ ಚಕ್ರಗಳ ಮೇಲೆ ಇರಬೇಕಾದಷ್ಟು ಭಾರವೇ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಬಾಲ್ ಹಿಚ್‌ನ ಟ್ರೇಲರ್ ತನ್ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟನ್ನು ಬಾಲ್ ಮೇಲೆ ಹೇರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ. ನಿಮ್ಮದರಲ್ಲಿ ಅದು 360 ಕೆಜಿ ಅಂದುಕೊಳ್ಳೋಣ. ಆ ಭಾರ ಬೀಳುವುದು ಹಿಂದಿನ ಆಕ್ಸಲ್ ಮೇಲಲ್ಲ, ಅದಕ್ಕಿಂತ ಹಿಂದೆ. ಹಾರೆ ಹಾಕಿ ಕಲ್ಲು ಮೀಟಿದ ಹಾಗೆ, ಹಿಂದಿನ ಆಕ್ಸಲ್ಲೇ ಮೀಟುಗಲ್ಲಾಗಿ ಮುಂಭಾಗ ಮೇಲೇಳುತ್ತೆ. ಎರಡು ಆಕ್ಸಲ್‌ಗಳ ನಡುವೆ 3.6 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.2 ಮೀಟರ್ ಇದ್ದರೆ, ಮುಂದಿನ ಚಕ್ರಗಳು 120 ಕೆಜಿ ಕಳೆದುಕೊಳ್ಳುತ್ತವೆ, ಹಿಂದಿನವು 360 ಅಲ್ಲ, 480 ಕೆಜಿ ಹೊರುತ್ತವೆ. ಏರ್ ಬ್ಯಾಗ್ ಆಗಲಿ, ಹೆಚ್ಚುವರಿ ಪಟ್ಟಿ ಆಗಲಿ, ಈ ಲೆಕ್ಕವನ್ನು ಬದಲಿಸುವುದಿಲ್ಲ. ಕೂತ ಹಿಂಬದಿಯನ್ನು ಮೇಲೆತ್ತುತ್ತವೆ ಅಷ್ಟೆ. ಆ 120 ಕೆಜಿ ಮುಂದಕ್ಕೆ ವಾಪಸ್ ಬರುವುದಿಲ್ಲ.

ಅದನ್ನು ಮುಂದಕ್ಕೆ ತರುವುದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದರ ಎರಡು ಉಕ್ಕಿನ ಸರಳುಗಳು ಬಿಗಿಯಾದಾಗ ಹಾರೆಯನ್ನು ಉಲ್ಟಾ ಮೀಟಿದ ಹಾಗಾಗಿ, ಹಿಂದಿನ ಆಕ್ಸಲ್‌ನ ಭಾರದಲ್ಲಿ ಒಂದು ಪಾಲು ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲು ಟ್ರೇಲರ್‌ನ ಚಕ್ರಗಳಿಗೂ ಹೋಗುತ್ತೆ. ಹಾಗಾಗಿ ನಿಮ್ಮ ಸಂದರ್ಭಕ್ಕೆ ನನ್ನ ಉತ್ತರ: ಸಸ್ಪೆನ್ಷನ್ ಆಮೇಲೆ, ಹಿಚ್ ಮೊದಲು. ಟ್ರೇಲರ್ ಕಟ್ಟುವ ಮುಂಚೆ ಮುಂದಿನ ಚಕ್ರದ ಮೇಲಿನ ಕಮಾನಿಗೆ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ಕಟ್ಟಿದ ಮೇಲೆ ಮತ್ತೆ ಅಳೆಯಿರಿ, ಸರಳು ಬಿಗಿದು ಇನ್ನೊಮ್ಮೆ. ಎದ್ದ ಎತ್ತರದಲ್ಲಿ ಅರ್ಧ ಇಳಿದರೆ ಸಾಕು ಎನ್ನುವ ತಯಾರಕರಿದ್ದಾರೆ, ಪೂರ್ತಿ ಇಳಿಯಬೇಕು ಎನ್ನುವವರೂ ಇದ್ದಾರೆ. ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತೋ ಅದು. ಕೆಲವು ಗಾಡಿಗಳಿಗೆ, ಕೆಲವು ಬಗೆಯ ಟ್ರೇಲರ್ ಬ್ರೇಕ್‌ಗಳಿಗೆ ಈ ಹಿಚ್ ಬೇಡ ಅಂತಲೂ ಬರೆದಿರುತ್ತೆ, ಅದನ್ನೂ ನೋಡಿ. ಸರಳುಗಳನ್ನು ಅತಿಯಾಗಿ ಬಿಗಿದು ಮೂತಿಯನ್ನು ಮೊದಲಿಗಿಂತ ಕೆಳಗೆ ಇಳಿಸಬೇಡಿ. ಹಿಂದಿನ ಚಕ್ರಗಳ ಹಿಡಿತ ಹೋಗುತ್ತೆ, ಅದು ಇನ್ನೂ ಕೆಟ್ಟದ್ದು.

ಇದೆಲ್ಲ ಆದಮೇಲೂ ಹಿಂಬದಿ ಕೂತೇ ಇದ್ದರೆ, ಅಥವಾ ಗುಂಡಿಗೆ ಬಿದ್ದಾಗಲೆಲ್ಲ ಬಂಪ್ ಸ್ಟಾಪ್‌ಗೆ (ಆಕ್ಸಲ್ ಛಾಸಿಗೆ ಬಡಿಯದಂತೆ ತಡೆಯುವ ರಬ್ಬರ್ ತುಂಡು) ದಡ್ ಅಂತ ಬಡಿಯುತ್ತಿದ್ದರೆ, ಆಗ ಸ್ಪ್ರಿಂಗ್ ಕಡೆ ಬನ್ನಿ. ಮೊದಲು ಈಗಿರುವ ಪಟ್ಟಿಗಳನ್ನೇ ನೋಡಿ. ಹಳೆಯ ಗಾಡಿಯಾದರೆ ಪಟ್ಟಿಗಳ ಬಾಗು ಕಳೆದುಹೋಗಿ ಚಪ್ಪಟೆಯಾಗಿರಬಹುದು, ಬುಷ್ ಸವೆದಿರಬಹುದು, ಒಂದು ಪಟ್ಟಿ ಸೀಳಿರಲೂಬಹುದು. ಸತ್ತ ಸ್ಪ್ರಿಂಗ್ ಮೇಲೆ ಏರ್ ಬ್ಯಾಗ್ ಹಾಕೋದು ಒಂದು ರೀತಿ ಮೋಸ.

ಸದಾ ಭಾರ ಹೊತ್ತೇ ಓಡುವ ಗಾಡಿಗೆ ಪಟ್ಟಿ ಸೇರಿಸುವುದು ಒಳ್ಳೆಯದು. ಭಾರ ಆಕ್ಸಲ್‌ಗೆ ಹೋಗುವ ದಾರಿ ಮೂಲದಲ್ಲಿ ಇದ್ದದ್ದೇ ಇರುತ್ತೆ, ಗಾಳಿ ಸೋರುವ ಚಿಂತೆಯಿಲ್ಲ. ಆದರೆ ಖಾಲಿ ಓಡಿಸುವಾಗ ಬೆನ್ನು ನೋಯುತ್ತೆ, ಅದನ್ನು ತಪ್ಪಿಸೋಕಾಗಲ್ಲ. ಟಿಂಬ್ರೆನ್ ಕಂಪನಿಯದರಂಥ ಟೊಳ್ಳು ರಬ್ಬರ್ ಸ್ಪ್ರಿಂಗ್ ಬಂಪ್ ಸ್ಟಾಪ್‌ನ ಜಾಗದಲ್ಲಿ ಕೂರುತ್ತೆ. ಗಾಡಿ ಒಂದಿಷ್ಟು ಕೂತ ಮೇಲಷ್ಟೇ ಅದು ಭಾರ ಹೊರೋಕೆ ಶುರುಮಾಡುತ್ತೆ, ಹಾಗಾಗಿ ಖಾಲಿ ಇದ್ದಾಗ ಅದರ ಗೊಡವೆಯಿಲ್ಲ. ವಾರದಲ್ಲಿ ಐದು ದಿನ ಖಾಲಿ, ಎರಡು ದಿನ ಟ್ರೇಲರ್ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಏರ್ ಬ್ಯಾಗ್‌ನ ಗುಣ ಒಂದೇ, ಆದರೆ ದೊಡ್ಡದು: ಇವತ್ತಿನ ಭಾರಕ್ಕೆ ತಕ್ಕಷ್ಟು ಗಾಳಿ. ಟ್ರೇಲರ್ ತೂಕ ದಿನಕ್ಕೊಂದು ಥರ ಇದ್ದರೆ ಅದಕ್ಕೆ ಸಮನಾದದ್ದು ಇಲ್ಲ. ಹಾಕಿಸುವುದಾದರೆ ಎಡ ಬಲಕ್ಕೆ ಬೇರೆ ಬೇರೆ ಗಾಳಿ ಪೈಪ್ ಇರಲಿ. ಎರಡನ್ನೂ ಒಂದೇ ಪೈಪಿಗೆ ಸೇರಿಸಿದರೆ ತಿರುವಿನಲ್ಲಿ ಹೊರಬದಿಯ ಗಾಳಿ ಒಳಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತೆ. ಖಾಲಿ ಇದ್ದಾಗಲೂ ತಯಾರಕರು ಹೇಳಿದ ಕನಿಷ್ಠ ಒತ್ತಡ ಇರಲೇಬೇಕು, ಸಾಮಾನ್ಯವಾಗಿ 5 ಪಿಎಸ್‌ಐ ಆಸುಪಾಸು. ಇಲ್ಲದಿದ್ದರೆ ಬ್ಯಾಗ್ ಮಡಚಿ ಹರಿಯುತ್ತೆ. ಇನ್ನೊಂದು ಮಾತು. ಲೀಫ್ ಸ್ಪ್ರಿಂಗ್ ಭಾರವನ್ನು ಛಾಸಿಯ ಎರಡು ಕಡೆ ಹಂಚುತ್ತೆ, ಏರ್ ಬ್ಯಾಗ್ ಅದನ್ನು ನಡುವೆ ಒಂದೇ ಕಡೆ ತಳ್ಳುತ್ತೆ. ಹಿಂದೆ ಉದ್ದಕ್ಕೆ ಚಾಚಿದ ಬಾಡಿ, ಬಾಲ್ ಮೇಲೆ ಭಾರ, ಬ್ಯಾಗ್‌ನಲ್ಲಿ ಗರಿಷ್ಠ ಗಾಳಿ, ಕೆಟ್ಟ ರಸ್ತೆ, ಇವೆಲ್ಲ ಕೂಡಿದರೆ ಛಾಸಿಯೇ ಬಾಗಬಹುದು. ಹೀಗೆ ಬಾಗಿದ ಡಬಲ್ ಕ್ಯಾಬ್ ಪಿಕಪ್‌ಗಳಿವೆ.

ಈಗ ನಾನು ಏರ್ ಬ್ಯಾಗನ್ನು ಕನಿಷ್ಠ ಒತ್ತಡದಲ್ಲಿಟ್ಟು ಹಿಚ್ ಹೊಂದಿಸುತ್ತೇನೆ. ಮುಂಭಾಗದ ಎತ್ತರ ಸರಿಹೋದ ಮೇಲೆ ಬೇಕಾದರೆ ಚೂರು ಗಾಳಿ. ಮೊದಲೇ ಬ್ಯಾಗ್ ಊದಿಸಿದರೆ ಗಾಡಿ ಸಮವಾಗಿ ಕಂಡು, ಸರಳು ಎಷ್ಟು ಬಿಗಿಯಬೇಕೆಂಬ ಅಂದಾಜೇ ತಪ್ಪುತ್ತೆ.

ಯಾರೂ ಹೇಳದ ಒಂದು ವಿಷಯ: ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೂ ಛಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೊಂದು ವಾಲ್ವ್ ಇರುತ್ತೆ. ಹಿಂಬದಿ ಎಷ್ಟು ಕೂತಿದೆ ಎಂಬುದರ ಮೇಲೆ ಹಿಂದಿನ ಬ್ರೇಕ್‌ಗೆ ಎಷ್ಟು ಒತ್ತಡ ಬಿಡಬೇಕೆಂದು ಅದು ತೀರ್ಮಾನಿಸುತ್ತೆ. ನೀವು ಹಿಂಬದಿ ಎತ್ತಿಬಿಟ್ಟರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಬ್ರೇಕ್ ಕಡಿಮೆ ಮಾಡುತ್ತೆ. ನಿಮ್ಮದರಲ್ಲಿ ಅದು ಇದ್ದರೆ ಮೆಕ್ಯಾನಿಕ್ ಹತ್ತಿರ ಮತ್ತೆ ಹೊಂದಿಸಿಕೊಳ್ಳಿ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತೆ. ಸೋರುತ್ತಿದ್ದರೆ ಬದಲಿಸಿ, ಅದರಿಂದ 9 ಸೆಂ.ಮೀ. ವಾಪಸ್ ಬರುತ್ತೆ ಅಂತ ಕಾಯಬೇಡಿ.

ಇವುಗಳಲ್ಲಿ ಯಾವುದನ್ನು ಹಾಕಿಸಿದರೂ ಬಾಗಿಲ ಕಂಬದ ಸ್ಟಿಕ್ಕರ್ ಮೇಲಿನ ಆಕ್ಸಲ್ ಮಿತಿ ಒಂದು ಕೆಜಿಯೂ ಏರುವುದಿಲ್ಲ. ಬ್ಯಾಗ್ ಡಬ್ಬದ ಮೇಲೆ 5,000 ಪೌಂಡ್ ಅಂತ ಇದ್ದರೆ ಅದು ಬ್ಯಾಗ್‌ನ ತಾಕತ್ತು. ನಿಮ್ಮ ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಅದನ್ನು ಓದಿರುವುದಿಲ್ಲ. ಹಾಗಾಗಿ ಹಿಚ್ ಹಾಕಿದ ಮೇಲೆ, ಬ್ಯಾಗೋ ಪಟ್ಟಿಯೋ ಕೊಳ್ಳುವ ಮುಂಚೆ ವೇಬ್ರಿಡ್ಜ್‌ಗೆ ಹೋಗಿ, ಜನ, ಸಾಮಾನು ಎಲ್ಲ ಇಟ್ಟುಕೊಂಡು ಮೂರು ಸಲ ತೂಗಿಸಿ: ಟ್ರೇಲರ್ ಇಲ್ಲದೆ, ಟ್ರೇಲರ್ ಕಟ್ಟಿ ಸರಳು ಬಿಗಿಯದೆ, ಸರಳು ಬಿಗಿದು. ಪ್ರತಿ ಸಲವೂ ಮುಂದಿನ ಮತ್ತು ಹಿಂದಿನ ಆಕ್ಸಲ್‌ನ ತೂಕ ಬೇರೆ ಬೇರೆ ಬರೆಸಿಕೊಳ್ಳಿ. ಮೂರನೆಯ ಚೀಟಿಯಲ್ಲೂ ಹಿಂದಿನ ಆಕ್ಸಲ್ ಮಿತಿ ಮೀರಿದ್ದರೆ ನಿಮಗೆ ಬೇಕಿರುವುದು ಸ್ಪ್ರಿಂಗ್ ಅಲ್ಲ, ಇನ್ನೂ ದೊಡ್ಡ ಗಾಡಿ ಅಥವಾ ಇನ್ನೂ ಸಣ್ಣ ಟ್ರೇಲರ್.

ಟ್ರೇಲರ್ ಗೂಸ್‌ನೆಕ್, ಅಂದರೆ ಪಿಕಪ್‌ನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಬಗೆಯದ್ದಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದರಲ್ಲಿ ಭಾರ ಆಕ್ಸಲ್ ಮೇಲೆಯೇ ಬೀಳುವುದರಿಂದ ಮೂತಿ ಏಳುವುದಿಲ್ಲ, ಅಲ್ಲಿ ನೇರವಾಗಿ ಸ್ಪ್ರಿಂಗ್ ಯೋಚನೆ ಮಾಡಬಹುದು.

ಪಟ್ಟಿ ಸೇರಿಸುವುದೆಂದೇ ತೀರ್ಮಾನಿಸಿದರೆ ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿದಿಡುವ ಹಳೆಯ ಯು-ಬೋಲ್ಟ್‌ಗಳನ್ನು ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಬಿಗಿದಾಗ ಹಿಗ್ಗಿರುತ್ತವೆ. ಹೊಸವನ್ನು ಹಾಕಿಸಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗಿಸಿ.