ಪ್ಯಾರಿಸ್‌ನ ಹಳೇ ಬಿಸ್ತ್ರೋದಲ್ಲಿ ಊಟ: ಫ್ರೆಂಚ್ ಬರದವರು, ಬೀಫ್ ತಿನ್ನದವರು ಹೇಗೆ ನಿಭಾಯಿಸಬೇಕು?

ಸೆಪ್ಟೆಂಬರಿನಲ್ಲಿ ಗಂಡ ಹೆಂಡತಿ ಪ್ಯಾರಿಸ್‌ಗೆ ಹೊರಟಿದ್ದೀರಿ. ಒಂದು ಹೊತ್ತಾದರೂ ಅಪ್ಪಟ ಹಳೇ ಬಿಸ್ತ್ರೋದಲ್ಲಿ, ಅಂದರೆ ಮನೆಯಡುಗೆಯಂಥ ಊಟ ಹಾಕುವ ಸಣ್ಣ ಹೋಟೆಲಿನಲ್ಲಿ, ಉಣ್ಣಬೇಕೆಂಬ ಆಸೆ. ಆದರೆ ಫ್ರೆಂಚ್ ಬರುವುದಿಲ್ಲ, ನಿಮಗೆ ಕೋಳಿ, ಮೀನು ಆಗುತ್ತದೆ, ದನ ಹಂದಿ ಬೇಡ, ನಿಮ್ಮ ಮನೆಯವರು ಮೊಟ್ಟೆ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ. ಜೊತೆಗೆ "ಅಲ್ಲಿನ ವೇಟರ್‌ಗಳು ಮುಖಕ್ಕೆ ಹೊಡೆದ ಹಾಗೆ ಮಾತಾಡ್ತಾರಂತೆ, ಹೋಗಿ ಅವಮಾನ ಮಾಡಿಸಿಕೊಳ್ಳೋದು ಬೇಕಾ?" ಎಂದು ಕೇಳಿದ್ದೀರಿ.

ಖಂಡಿತ ಹೋಗಿ. ನಾನು ಸಸ್ಯಾಹಾರದ ಮನೆಯಲ್ಲಿ ಬೆಳೆದವನು, ಹೊರದೇಶಕ್ಕೆ ಹೋದ ಮೇಲೆ ಮೀನು, ಕೋಳಿ ರೂಢಿ ಮಾಡಿಕೊಂಡವನು. ಹಾಗಾಗಿ ನಿಮ್ಮಿಬ್ಬರ ಕಷ್ಟವೂ ನನಗೆ ಗೊತ್ತು. ಕೆಲಸದ ಮೇಲೆ ನಾಲ್ಕು ವರ್ಷ ಪ್ಯಾರಿಸ್‌ನಲ್ಲಿದ್ದೆ. ಆಫೀಸು ಹನ್ನೊಂದನೇ ಅರೋಂದಿಸ್ಮಾಂನಲ್ಲಿ, ನಮ್ಮಲ್ಲಿ ವಾರ್ಡ್ ಅನ್ನುತ್ತೇವಲ್ಲ ಹಾಗೆ. ಅದೇ ಬೀದಿಯಲ್ಲಿ ಹದಿನೈದು ಮೇಜುಗಳ ಒಂದು ಬಿಸ್ತ್ರೋ ಇತ್ತು. ಗಂಡ ಒಲೆ ಮುಂದೆ, ಹೆಂಡತಿ ಕೌಂಟರಿನಲ್ಲಿ.

ಮೊದಲ ದಿನ ಹೋದಾಗ ಮಧ್ಯಾಹ್ನ ಎರಡೂ ಇಪ್ಪತ್ತು. ಆಕೆ ಅಡುಗೆಮನೆ ಮುಚ್ಚಿತು ಎಂದು ಕೈಸನ್ನೆ ಮಾಡಿದರು. ಹಸಿದು ಬಂದವನಿಗೆ ಇಲ್ಲ ಅನ್ನುತ್ತಾರಲ್ಲ ಎಂದು ಸಿಟ್ಟು ಬಂತು. ಮರುದಿನ ಹನ್ನೆರಡೂವರೆಗೇ ಹೋಗಿ ನೇರವಾಗಿ ಇಂಗ್ಲಿಷಿನಲ್ಲಿ "ಒಬ್ಬರಿಗೆ ಟೇಬಲ್ ಇದೆಯಾ" ಎಂದೆ. ಆಕೆ ಉತ್ತರ ಕೊಡಲಿಲ್ಲ. ನನ್ನನ್ನೇ ನೋಡಿ, ನಿಧಾನವಾಗಿ, "ಬೋಂಜೂರ್, ಮೊಸ್ಯೂ" ಎಂದರು. ನಾನು ಸುಮ್ಮನಿದ್ದೆ. ಮತ್ತೊಮ್ಮೆ ಅಂದರು. ಆಗ ಹೊಳೆದು ನಾನೂ "ಬೋಂಜೂರ್, ಮದಾಮ್" ಅಂದೆ. ತಕ್ಷಣ ಮುಖ ಅರಳಿತು, ಕುರ್ಚಿ ಎಳೆದು ಕೊಟ್ಟರು. ಪ್ಯಾರಿಸ್‌ನ ಒರಟುತನ ಎಂದು ನಮ್ಮವರು ಹೇಳುವುದರಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಮಾತು ಬಿಟ್ಟುಹೋಗುವುದರಿಂದ. ಅವರ ಲೆಕ್ಕದಲ್ಲಿ ನೀವು ಕಾಲಿಡುವುದು ಅಂಗಡಿಗಲ್ಲ, ಇನ್ನೊಬ್ಬರ ಜಾಗಕ್ಕೆ. ಒಳಗೆ ಬಂದವರು ಮೊದಲು ನಮಸ್ಕಾರ ಹೇಳಬೇಕು, ಆಮೇಲೆ ಬೇಕಾದ್ದು ಕೇಳಬೇಕು. ಸಂಜೆಯಾದರೆ "ಬೋಂಸ್ವಾರ್". ಇದಾದ ಮೇಲೆ ಇಂಗ್ಲಿಷಿನಲ್ಲಿ ಮಾತಾಡಿದರೂ ಯಾರೂ ಬೇಸರ ಮಾಡಿಕೊಂಡಿದ್ದನ್ನು ನಾನು ನೋಡಿಲ್ಲ. ವೇಟರನ್ನು ಕರೆಯುವಾಗ ಹಳೇ ಸಿನಿಮಾಗಳ ಹಾಗೆ "ಗಾರ್ಸೋಂ" ಅನ್ನಬೇಡಿ. ಅದರ ಅರ್ಥ ಹುಡುಗ ಎಂದು, ಈಗ ಅದು ಮರ್ಯಾದೆಯ ಮಾತಲ್ಲ. "ಸಿಲ್ ವು ಪ್ಲೇ", ಅಂದರೆ ದಯವಿಟ್ಟು, ಅಂದರೆ ಸಾಕು.

ಈ ಜಾಗಗಳು ಹುಟ್ಟಿದ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನಗೆ ಬಿಸ್ತ್ರೋ ಹತ್ತಿರವಾದದ್ದು ಅಲ್ಲಿಂದಲೇ. ಫ್ರಾನ್ಸಿನ ನಡುಭಾಗದ ಓವೆರ್ನ್ಯ್, ಅವೆರೋಂ ಬೆಟ್ಟಸೀಮೆಯ ಬಡವರು ಹತ್ತೊಂಬತ್ತನೇ ಶತಮಾನದಲ್ಲಿ ಹೊಟ್ಟೆಪಾಡಿಗೆ ಪ್ಯಾರಿಸ್‌ಗೆ ಬಂದರು. ಮೊದಲು ಮನೆಮನೆಗೆ ನೀರು ಹೊತ್ತರು, ಆಮೇಲೆ ಸೌದೆ, ಕಲ್ಲಿದ್ದಲು ಹೊತ್ತರು. ಗಂಡ ಇದ್ದಲು ಹೊತ್ತು ಮಹಡಿ ಹತ್ತಿದರೆ, ಹೆಂಡತಿ ಅಂಗಡಿಯಲ್ಲಿ ಗಿರಾಕಿಗಳಿಗೆ ಒಂದು ಲೋಟ ವೈನ್ ಕೊಡುತ್ತಿದ್ದಳು, ಬರಬರುತ್ತಾ ಒಂದು ತಟ್ಟೆ ಊಟವೂ ಸೇರಿತು. ಅಂಗಡಿಯ ಹಲಗೆ ಮೇಲೆ "ವೈನ್ ಮತ್ತು ಇದ್ದಲು" ಎಂದೇ ಬರೆದಿರುತ್ತಿತ್ತು. ಇವರಿಗೆ "ಬುನ್ಯಾ" ಎಂದು ಹೆಸರು. ಪ್ಯಾರಿಸ್‌ನ ಎಷ್ಟೋ ಬಿಸ್ತ್ರೋ, ಕಾಫಿಮನೆಗಳು ಅವರ ಕೈಯಲ್ಲಿ ಬೆಳೆದವು. ಸಾಹಿತಿಗಳ ಅಡ್ಡೆ ಎಂದು ಹೆಸರಾದ ಬ್ರಾಸರಿ ಲಿಪ್ ಅನ್ನು 1920ರಲ್ಲಿ ಕೊಂಡ ಮಾರ್ಸೆಲ್ಯಾಂ ಕಾಜ್ ಕೂಡ ಆ ಕಡೆಯವರೇ. ಹನ್ನೆರಡನೇ ವಯಸ್ಸಿಗೆ ಕುಂದಾಪುರದಿಂದ ಬೊಂಬಾಯಿಗೆ ಹೋಗಿ, ಮಾಟುಂಗದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಕೊನೆಗೆ ಗಲ್ಲಾದ ಮೇಲೆ ಕೂತವರು ನನ್ನ ದೊಡ್ಡಪ್ಪ. ನನ್ನ ಬಿಸ್ತ್ರೋದ ಒಡತಿ ತಮ್ಮ ಅಜ್ಜ ಇದ್ದಲು ಹೊರುತ್ತಿದ್ದರು ಎಂದು ಹೇಳಿದ ದಿನ, ನಾನು ದೊಡ್ಡಪ್ಪನ ಕಥೆ ಹೇಳಿದೆ. ಅಂದಿನಿಂದ ಕಿಟಕಿ ಪಕ್ಕದ ಮೇಜು ನನ್ನದಾಯಿತು.

ಬಿಸ್ತ್ರೋ ಎಂಬ ಪದ 1814ರಲ್ಲಿ ಪ್ಯಾರಿಸ್‌ನ ಗುಡ್ಡದ ಪ್ರದೇಶ ಮೋಂಮಾರ್ತ್ರ್‌ಗೆ ಬಂದ ರಷ್ಯನ್ ಸೈನಿಕರು "ಬಿಸ್ತ್ರ, ಬಿಸ್ತ್ರ", ಅಂದರೆ ಬೇಗ ಬೇಗ, ಎಂದು ಕೂಗಿದ್ದರಿಂದ ಬಂತು ಎಂದು ಗೈಡ್‌ಗಳು ಹೇಳುತ್ತಾರೆ. ಪ್ಲಾಸ್ ದ್ಯು ತೆರ್ತ್ರ್ ಚೌಕದಲ್ಲಿ ಫಲಕವೂ ಇದೆ. ಬರಹದಲ್ಲಿ ಆ ಪದ ಕಾಣಿಸಿಕೊಳ್ಳುವುದು 1880ರ ದಶಕದಲ್ಲಿ. ನಡುವೆ ಎಪ್ಪತ್ತು ವರ್ಷದ ಅಂತರವಿದೆ, ಹಾಗಾಗಿ ಭಾಷಾತಜ್ಞರು ಈ ಕಥೆಯನ್ನು ಒಪ್ಪುವುದಿಲ್ಲ. ಬೇಗ ಬೇಗ ತಿನ್ನುವ ಜಾಗವಂತೂ ಅದಲ್ಲ.

ಹೋಗುವುದಾದರೆ ಮಧ್ಯಾಹ್ನ ಹೋಗಿ. ಹನ್ನೆರಡರಿಂದ ಎರಡು ಊಟದ ಹೊತ್ತು, ಒಂದೂವರೆಯ ಒಳಗೆ ಕೂತಿರಬೇಕು. ರಾತ್ರಿ ಸಾಮಾನ್ಯವಾಗಿ ಏಳು, ಏಳೂವರೆಗೆ ಮೊದಲು ಒಲೆ ಹೊತ್ತುವುದಿಲ್ಲ. ಭಾನುವಾರ, ಸೋಮವಾರ ಹಲವು ಕಡೆ ರಜೆ. ಮಧ್ಯಾಹ್ನ "ಫೊರ್ಮ್ಯೂಲ್" ಎಂದು ಇರುತ್ತದೆ: ಆಂತ್ರೆ ಮತ್ತು ಪ್ಲಾ, ಇಲ್ಲವೇ ಪ್ಲಾ ಮತ್ತು ಸಿಹಿ, ಎರಡಕ್ಕೂ ಸೇರಿ ಒಂದೇ ದರ. ಪ್ಲಾ ಅಂದರೆ ಮುಖ್ಯ ಊಟ, ಆಂತ್ರೆ ಅಂದರೆ ಮೊದಲು ಬರುವ ಸಣ್ಣ ತಟ್ಟೆ. ಅಮೆರಿಕದಲ್ಲಿ ಆಂತ್ರೆ ಎಂಬ ಪದಕ್ಕೇ ಮುಖ್ಯ ಊಟ ಎಂದರ್ಥ, ಅಲ್ಲಿದ್ದು ಬಂದವರು ಗೊಂದಲ ಮಾಡಿಕೊಳ್ಳುತ್ತಾರೆ. ನಾನಿದ್ದಾಗ ಸಾಧಾರಣ ಬಿಸ್ತ್ರೋದಲ್ಲಿ 18ರಿಂದ 25 ಯೂರೋದೊಳಗೆ ಮಧ್ಯಾಹ್ನದ ಊಟ ಮುಗಿಯುತ್ತಿತ್ತು. ರಾತ್ರಿ ಅದೇ ಅಡುಗೆಗೆ ಹೆಚ್ಚು ಕೊಡಬೇಕು.

ಇನ್ನು ಬೋರ್ಡು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಅಕ್ಷರ ಓದಲು ಕಷ್ಟ, ಫೋನಿನ ಅನುವಾದವೂ ಕೈಕೊಡುತ್ತದೆ. ನಿಮ್ಮ ಮಟ್ಟಿಗೆ ದೊಡ್ಡ ತೊಡಕು ಏನೆಂದರೆ ದನದ ಮಾಂಸದ ಹೆಸರುಗಳಲ್ಲಿ ದನ ಎಂಬ ಮಾತೇ ಇರುವುದಿಲ್ಲ. ಬಾವೆತ್, ಓಂಗ್ಲೆ, ಆಂತ್ರಕೋತ್, ಫೋ ಫಿಲೆ, ತಾರ್ತಾರ್ ಎಂದಷ್ಟೇ ಇದ್ದರೆ ಎಲ್ಲವೂ ದನದ್ದೇ ಎಂದು ತಿಳಿಯಿರಿ. ತಾರ್ತಾರ್ ಅಂತೂ ಹಸಿ ಮಾಂಸ. ಆಶಿ ಪಾರ್ಮಾಂತ್ಯೆ ನೋಡಲು ಆಲೂಗಡ್ಡೆ, ಒಳಗೆ ಖೀಮಾ. "ವೋ" ಅಂದರೆ ಕರು, ಬ್ಲಾಂಕೆತ್ ಅದರದ್ದೇ. "ರಿ ದ ವೋ" ಎಂದು ಕಂಡರೆ ಅನ್ನವೆಂದು ಹಿಗ್ಗಬೇಡಿ. ಅನ್ನಕ್ಕೂ ಅದಕ್ಕೂ ಉಚ್ಚಾರಣೆ ಒಂದೇ, ಆದರೆ ಅದು ಕರುವಿನ ಗ್ರಂಥಿ. ತೆರೀನ್, ರಿಯೆತ್, ಸೋಸಿಸ್ಸೋಂ ಸಾಮಾನ್ಯವಾಗಿ ಹಂದಿ. ಆಂದುಯೆತ್ ಅಂದರೆ ಕರುಳು ತುಂಬಿದ ಸಾಸೇಜು.

ಇವೆಲ್ಲ ಬಿಟ್ಟರೂ ನಿಮಗೆ ಒಳ್ಳೆಯದು ಉಳಿಯುತ್ತದೆ. ಕೋಂಫಿ ದ ಕನಾರ್ ಎಂದರೆ ಬಾತುಕೋಳಿಯ ಕಾಲನ್ನು ಅದರ ಕೊಬ್ಬಿನಲ್ಲೇ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಕೊನೆಗೆ ಚರ್ಮ ಗರಿಗರಿ ಮಾಡಿ ಕೊಡುವುದು. ಬಿಸ್ತ್ರೋಗೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಮೀನು ಬೇಕಾದರೆ ರೇ ಓ ಕಾಪ್ರ್ ಇದೆಯೇ ನೋಡಿ. ನಮ್ಮ ಕರಾವಳಿಯ ತೊರಕೆ ಮೀನು, ಬೆಣ್ಣೆಯಲ್ಲಿ, ಹುಳಿಹುಳಿ ಕೇಪರ್ ಮೊಗ್ಗಿನ ಜೊತೆ. ಬ್ರಾಂದಾದ್ ಎಂಬುದು ಉಪ್ಪಿನಲ್ಲಿಟ್ಟ ಕಾಡ್ ಮೀನನ್ನು ಆಲಿವ್ ಎಣ್ಣೆ ಹಾಕಿ ಮಸೆದದ್ದು. ಒಣಮೀನು ತಿಂದು ಬೆಳೆದವರಿಗೆ ಅದು ಹಿಡಿಸುತ್ತದೆ. ಒಂದು ಎಚ್ಚರಿಕೆ: ಕೋಳಿ, ಮೀನಿನ ಸಾಸಿನಲ್ಲೂ ಕರುವಿನ ಮೂಳೆಯ ರಸ ಇರಬಹುದು, ಕೊಕ್ ಓ ವ್ಯಾಂ ಎಂಬ ಹುಂಜದ ಸಾರಿನಲ್ಲಿ ಹಂದಿಯ ತುಣುಕು ಇದ್ದೇ ಇರುತ್ತದೆ. "ಪಾ ದ ಬೆಫ್, ಪಾ ದ ವೋ, ಪಾ ದ ಪೋರ್" ಎಂದು ಕೂತ ತಕ್ಷಣವೇ ಹೇಳಿಬಿಡಿ: ದನ ಬೇಡ, ಕರು ಬೇಡ, ಹಂದಿ ಬೇಡ.

ನಿಮ್ಮ ಮನೆಯವರ ವಿಷಯ. ನನ್ನ ಅಮ್ಮ ಬಂದಿದ್ದಾಗ ನಾನೂ ಇದೇ ಚಿಂತೆಯಲ್ಲಿದ್ದೆ. ಹಿಂದಿನ ದಿನವೇ ಹೋಗಿ ಒಡತಿಗೆ ಹೇಳಿದೆ, ಅಮ್ಮ ಮಾಂಸ ಮೀನು ಎರಡೂ ತಿನ್ನುವುದಿಲ್ಲ ಎಂದು. ಬರೀ "ವೆಜೆತಾರಿಯಾಂ" ಅಂದರೆ ಸಾಲದು. ಮೀನು ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. "ನಿ ವ್ಯಾಂದ್, ನಿ ಪ್ವಾಸೋಂ, ನಿ ಲಾರ್ದೋಂ" ಅನ್ನಬೇಕು: ಮಾಂಸ ಬೇಡ, ಮೀನು ಬೇಡ, ಲಾರ್ದೋಂ ಬೇಡ. ಲಾರ್ದೋಂ ಅಂದರೆ ಹಂದಿಕೊಬ್ಬಿನ ಸಣ್ಣ ಚೂರು. ಬೇಳೆ, ಸಲಾಡ್ ಎಲ್ಲದರ ಮೇಲೂ ಉದುರಿಸುತ್ತಾರೆ, ಅವರ ಕಣ್ಣಿಗೆ ಅದು ಮಾಂಸವೆಂದೇ ಕಾಣುವುದಿಲ್ಲ. ಈರುಳ್ಳಿ ಸೂಪು ಕೇಳಲು ಸಸ್ಯಾಹಾರ, ಆದರೆ ಸಾಮಾನ್ಯವಾಗಿ ದನದ ಮೂಳೆಯ ನೀರಿನಲ್ಲಿ ಮಾಡಿದ್ದು. ಸಾರ್ಲಾದ್ ಶೈಲಿಯ ಆಲೂಗಡ್ಡೆ ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ.

ಒಡತಿ ಒಂದು ಕ್ಷಣ ಯೋಚಿಸಿ, ಅಮ್ಮನಿಗೆ ಮೊದಲು ಪುವಾರೋ ವಿನೆಗ್ರೆತ್ ಎಂದರು. ಬೇಯಿಸಿ ತಣಿಸಿದ ಲೀಕ್ ದಂಟು, ಮೇಲೆ ಸಾಸಿವೆ ಹಾಕಿದ ಹುಳಿ. ಅಮ್ಮನಿಗೆ ಸಾಸಿವೆಯ ಘಾಟು ಬಹಳ ಇಷ್ಟವಾಯಿತು. ಆಮೇಲೆ ಬಂದದ್ದು ಅಲಿಗೊ, ಒಡತಿಯ ಊರಿನ ಕಡೆಯ ಅಡುಗೆ. ಬೆಂದ ಆಲೂಗಡ್ಡೆ, ಬೆಳ್ಳುಳ್ಳಿ, ಬೆಣ್ಣೆ, ಕೆನೆ, ಹೊಸ ಚೀಸ್ ಹಾಕಿ ಮರದ ಸಟ್ಟುಗದಲ್ಲಿ ಮಗುಚುತ್ತಾ ಹೋದರೆ ಅದು ಹಗ್ಗದ ಹಾಗೆ ಎಳೆ ಬರುತ್ತದೆ. ಎಂದಿನಂತೆ ಅದರ ಜೊತೆ ಸಾಸೇಜು ಇಡುತ್ತಾರೆ, ಅಮ್ಮನ ತಟ್ಟೆಯಲ್ಲಿ ಇಡಲಿಲ್ಲ. ಯಜಮಾನರೇ ಪಾತ್ರೆ ಹಿಡಿದು ಹೊರಬಂದು, ಮೊಳದುದ್ದ ಎತ್ತಿ ತೋರಿಸಿ ಬಡಿಸಿದರು. ಅಮ್ಮ ನನ್ನ ಕಡೆ ತಿರುಗಿ, "ಇದ್ ನಮ್ ಹಾಲ್ಬಾಯಿ ಮಗಚ್ದಂಗೇ ಇತ್ತಲ್ದಾ" ಎಂದರು. ಕೈ ಬಿಡದೆ ಮಗುಚಬೇಕು, ಬಿಟ್ಟರೆ ತಳ ಹಿಡಿಯುತ್ತದೆ ಎಂಬುದನ್ನು ನಾನು ಅನುವಾದಿಸಿದೆ, ಯಜಮಾನರು ತಲೆಯಾಡಿಸಿ ತಮ್ಮ ಭುಜ ಒತ್ತಿಕೊಂಡು ತೋರಿಸಿದರು. ಕೊನೆಗೆ ತಾರ್ತ್ ತಾತ್ಯಾಂ, ಕಂದುಬಣ್ಣಕ್ಕೆ ತಿರುಗಿದ ಸಕ್ಕರೆಯಲ್ಲಿ ಬೆಂದ ಸೇಬು.

ಮೊಟ್ಟೆ ಆಗುವುದರಿಂದ ನಿಮ್ಮವರಿಗೆ ಇನ್ನೂ ದಾರಿಗಳಿವೆ. ಎಫ್ ಮಾಯೋ ತೆಗೆದುಕೊಳ್ಳಲಿ: ಬೇಯಿಸಿದ ಮೊಟ್ಟೆಯ ಮೇಲೆ ಅಲ್ಲೇ ಕಡೆದ ಮಯೋನೇಸ್. ಇಷ್ಟು ಸರಳವಾದ ತಿನಿಸು, ಅದನ್ನು ಕಾಪಾಡಲೆಂದೇ ಒಂದು ಸಂಘವಿದೆ, ಯಾರದು ಚೆನ್ನ ಎಂದು ಸ್ಪರ್ಧೆ ನಡೆಸುತ್ತಾರೆ. ಒಂದು ಬಿಸ್ತ್ರೋದ ಕೈಗುಣ ನನಗೆ ತಿಳಿಯುವುದೇ ಅದರಲ್ಲಿ. ಬಿಸಿ ಮಾಡಿದ ಮೇಕೆ ಚೀಸಿನ ಸಲಾಡ್, ಆಮ್ಲೆಟ್, ಹಾಲು ಕೆನೆಯಲ್ಲಿ ಬೆಂದ ಆಲೂಗಡ್ಡೆಯ ಗ್ರಾತ್ಯಾಂ ದೋಫಿನ್ವಾ, ಸಿಹಿಗೆ ಕ್ರೆಮ್ ಬ್ರ್ಯುಲೆ. ಎರಡು ಆಂತ್ರೆ ಕೇಳಿ ಒಂದನ್ನು ಪ್ಲಾ ಆಗಿ ತರಲು ಹೇಳಿದರೂ ನಡೆಯುತ್ತದೆ. ಒಂದು ವಿಷಯ ಮುಚ್ಚಿಡಬಾರದು: ಅಲ್ಲಿನ ಅನೇಕ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅಮ್ಮನಿಗೆ ಇದನ್ನು ಮೊದಲೇ ಹೇಳಿದ್ದೆ, ಅವರು ಯೋಚಿಸಿ ತಿನ್ನುವುದಾಗಿ ಹೇಳಿದರು. ನಿಮ್ಮ ಮನೆಯವರೂ ತಿಳಿದೇ ನಿರ್ಧರಿಸಲಿ.

ನೀರು ಕೇಳುವಾಗ "ಕರಾಫ್ ದೋ" ಅನ್ನಿ. ಊಟದ ಜೊತೆ ಹೂಜಿಯಲ್ಲಿ ಕೊಡುವ ನಲ್ಲಿ ನೀರು ಮತ್ತು ಬ್ರೆಡ್ಡಿಗೆ ದುಡ್ಡಿಲ್ಲ. ಬರೀ ನೀರು ಅಂದರೆ ಬಾಟಲಿ ಬರಬಹುದು. ಬ್ರೆಡ್ಡಿಗೆ ತಟ್ಟೆ ಕೊಡುವುದಿಲ್ಲ, ಮೇಜಿನ ಮೇಲೇ ಇಟ್ಟುಕೊಳ್ಳಬೇಕು. ತಟ್ಟೆಯಲ್ಲಿ ಉಳಿದ ಸಾಸನ್ನು ಅದರಲ್ಲಿ ಒರೆಸಿ ತಿಂದರೆ ಬಿಸ್ತ್ರೋದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಅಡುಗೆಯವರಿಗೆ ಖುಷಿ. ವೈನ್ ಬೇಡವೆಂದರೆ ಬೇಡ, ಒತ್ತಾಯವಿಲ್ಲ. ಕಾಫಿ ಸಿಹಿ ಮುಗಿದ ಮೇಲೆ, ಸಣ್ಣ ಲೋಟದಲ್ಲಿ, ಹಾಲಿಲ್ಲದೆ. ಉಳಿದದ್ದನ್ನು ಕಟ್ಟಿಸಿಕೊಳ್ಳಲು ಸಂಕೋಚ ಬೇಡ, 2021ರ ಜುಲೈಯಿಂದ ಕೇಳಿದವರಿಗೆ ಡಬ್ಬಿ ಕೊಡಲೇಬೇಕೆಂದು ಕಾನೂನಿದೆ.

ಬಿಲ್ಲು ತಾನಾಗಿ ಬರುವುದಿಲ್ಲ. ನನ್ನ ಜೊತೆ ಬಂದ ಬೆಂಗಳೂರಿನ ಗೆಳೆಯರೊಬ್ಬರು ಮುಕ್ಕಾಲು ಗಂಟೆ ಕಾದು, ನಮ್ಮನ್ನು ಕಡೆಗಣಿಸುತ್ತಿದ್ದಾರೆ ಎಂದು ನೊಂದುಕೊಂಡರು. ಅವರು ಕಡೆಗಣಿಸಿರಲಿಲ್ಲ. ಕೇಳದೆ ಬಿಲ್ಲು ಇಡುವುದೆಂದರೆ ಏಳಿ ಎಂದ ಹಾಗೆ, ಅದನ್ನು ಅವರು ಮಾಡುವುದಿಲ್ಲ. "ಲಾದಿಸ್ಯೋಂ, ಸಿಲ್ ವು ಪ್ಲೇ" ಅನ್ನಿ. ಸೇವಾ ಶುಲ್ಕ ದರದಲ್ಲೇ ಸೇರಿರುತ್ತದೆ. ಊಟ ಮನಸ್ಸಿಗೆ ಬಂದಿದ್ದರೆ ಒಂದೆರಡು ಯೂರೋ ಚಿಲ್ಲರೆ ಮೇಜಿನ ಮೇಲೆ ಬಿಡಿ, ಅಷ್ಟೇ.

ಜಾಗದ ಆಯ್ಕೆಗೆ ನನ್ನ ಲೆಕ್ಕ ಇದು: ಎಂಟು ಭಾಷೆಯ ಮೆನು, ತಿಂಡಿಯ ಫೋಟೋ, ಬಾಗಿಲಲ್ಲಿ ನಿಂತು ಕರೆಯುವವರು ಇದ್ದರೆ ಮುಂದೆ ನಡೆಯಿರಿ. ಬೋರ್ಡಿನಲ್ಲಿ ಮೂರು ಆಂತ್ರೆ, ನಾಲ್ಕು ಪ್ಲಾ ಮಾತ್ರ ಇದ್ದು, ಹನ್ನೆರಡೂವರೆಗೆ ಸುತ್ತಲಿನ ಆಫೀಸಿನವರು ತುಂಬಿದ್ದರೆ ಒಳಗೆ ಹೋಗಿ. ಪಾತ್ರೆಯ ಮೇಲೆ ಮನೆಯ ಮಾಡು ಇರುವ ಚಿತ್ರ ಕಂಡರೆ ಆ ಅಡುಗೆ ಅಲ್ಲೇ ಮಾಡಿದ್ದು ಎಂದರ್ಥ, 2014ರಿಂದ ಇರುವ ಸರ್ಕಾರಿ ಗುರುತು ಅದು. ಮೊದಲ ದಿನವೇ ಸಣ್ಣ ಬಿಸ್ತ್ರೋ ಹೊಗಲು ಅಳುಕಾದರೆ, 1896ರಲ್ಲಿ ಶುರುವಾದ ಬುಯೋಂ ಶಾರ್ತ್ಯೆಗೆ ಹೋಗಿ ಅಭ್ಯಾಸ ಮಾಡಿಕೊಳ್ಳಿ. ಅದು ಬಿಸ್ತ್ರೋ ಅಲ್ಲ, ಕೆಲಸಗಾರರಿಗೆ ಕಡಿಮೆ ದುಡ್ಡಿಗೆ ಊಟ ಹಾಕಲು ಹುಟ್ಟಿದ ದೊಡ್ಡ ಊಟದಮನೆ. ಆದರೆ ಅಡುಗೆ ಅದೇ ಬಗೆಯದು, ಗುರುತಿಲ್ಲದವರ ಪಕ್ಕ ಕೂರಿಸುತ್ತಾರೆ, ವೇಟರ್ ಬಿಲ್ಲನ್ನು ಮೇಜಿಗೆ ಹಾಸಿದ ಕಾಗದದ ಮೇಲೇ ಬರೆದು ಕೂಡುತ್ತಾನೆ. ನಿಮ್ಮ ಹೋಟೆಲು ಯಾವ ಅರೋಂದಿಸ್ಮಾಂನಲ್ಲಿದೆ ತಿಳಿಸಿ. ಹತ್ತಿರದ ಬಿಸ್ತ್ರೋದ ಬೋರ್ಡಿನ ಫೋಟೋ ಹಾಕಿದರೆ, ನಿಮ್ಮಿಬ್ಬರಿಗೆ ಅದರಲ್ಲಿ ಯಾವುದು ಆಗುತ್ತದೆ ಎಂದು ಬರೆದು ಕಳಿಸುತ್ತೇನೆ.